ಮಾಸ್ಟ್ರ ಜಾಗದಲ್ಲಿ ಅಮೆರಿಕದ ಅಧ್ಯಕ್ಷರು

ಕಳೆದ ಭಾನುವಾರ ನಮ್ಮೂರಿನ ಶಾಲೆಯಲ್ಲಿ ಅಮೆರಿಕದವರೊಬ್ಬರಿಗೆ ಮಲ್ಲಿಗೆ ಹಾರ ಬಿತ್ತು. ಅವರು ತೀರಿಕೊಂಡು ನೂರು ವರ್ಷ ದಾಟಿದೆ. ಮಡಂತ್ಯಾರು ಎಂಬ ಊರೊಂದು ಭೂಮಿಯ ಮೇಲಿದೆ ಎಂದೂ ಅವರಿಗೆ ಗೊತ್ತಿರಲಿಕ್ಕಿಲ್ಲ. ಹಾರ ಕಟ್ಟಿಸಿ ತಂದವಳು ನಾನೇ.

ವಿಷಯ ಇಷ್ಟು. ಶಾಲೆಗೆ ಅಮೃತ ಮಹೋತ್ಸವ. ಸ್ಥಾಪಕ ಅಧ್ಯಕ್ಷರು ವೆಂಕಪ್ಪ ಮಾಸ್ಟ್ರು. ಮನೆ ಮನೆಗೆ ಹೋಗಿ ಹೆಣ್ಣುಮಕ್ಕಳನ್ನು ಕರೆತಂದು ಬೆಂಚಿನಲ್ಲಿ ಕೂರಿಸಿದವರು. ಮರುವರ್ಷವೇ ತೀರಿಕೊಂಡರು. ಅವರದೊಂದು ಫೋಟೋ ಶಾಲೆಯಲ್ಲಿಲ್ಲ, ಮಗಳು ಸುಶೀಲಮ್ಮನ ಮನೆಯಲ್ಲೂ ಇಲ್ಲ.

ಫ್ಲೆಕ್ಸಿಗೆ ಕಲ್ಲಡ್ಕದ ಅಂಗಡಿಯೊಂದರಲ್ಲಿ ಹೇಳಿದ್ದೆವು. ಫೋಟೋ ಬರುವ ತನಕ ಇರಲಿ ಎಂದು ಡಿಸೈನರ್ ಇಂಟರ್ನೆಟ್ಟಿನಿಂದ ಯಾರೋ ಹಳೇ ಕಾಲದ ಅಧ್ಯಕ್ಷರನ್ನು ಹುಡುಕಿ ಮಾಸ್ಟ್ರ ಜಾಗದಲ್ಲಿ ಕೂರಿಸಿದ್ದ. ಕಪ್ಪು ಕೋಟು, ಎದೆ ತನಕ ಬಿಳಿ ಗಡ್ಡ.

ಪ್ರೂಫ್ ವಾಟ್ಸ್ಯಾಪ್ ಗ್ರೂಪಿಗೆ ಬಂತು. ಸಮಿತಿಯವರು ಹದಿನೇಳು ಮಂದಿಯೂ ನೋಡಿದೆವು. ಏನು ನೋಡಿದೆವು? ಉಪಾಧ್ಯಕ್ಷರ ಹೆಸರು ಕಾರ್ಯದರ್ಶಿಯ ಹೆಸರಿಗಿಂತ ಮೇಲಿದೆಯೇ? ಕೆಳಗಿನ ಸಾಲಿನಲ್ಲಿ ನಮ್ಮ ನಮ್ಮ ಫೋಟೋ ಬೆಳ್ಳಗೆ ಬಂದಿದೆಯೇ? ಖಜಾಂಚಿಯ ಮುಖ ಚಿಕ್ಕದಾಯಿತೆಂದು ಎರಡು ದಿನ ಚರ್ಚೆ ನಡೆಯಿತು. (ಅವರ ಮುಖ ಇರುವುದೇ ಅಷ್ಟು.) ಗಡ್ಡದವರನ್ನೂ ಕಂಡೆವು. ಮಾಸ್ಟ್ರ ಫೋಟೋ ಬೇರೆ ಯಾರಿಗೋ ಸಿಕ್ಕಿರಬೇಕು ಎಂದುಕೊಂಡು ಸುಮ್ಮನಾದೆವು.

ನಾನು ಓಕೆ ಎಂದೆ. ಅದೇ ಫೋಟೋಗೆ ಫ್ರೇಮ್ ಹಾಕಿಸಿದೆ. ಅಷ್ಟಕ್ಕೇ ಬಿಡಬಾರದೇ? ಸುಶೀಲಮ್ಮನಿಗೆ ಫೋನ್ ಮಾಡಿ "ನಿಮ್ಮ ತಂದೆಯವರ ಫೋಟೋ ಸಿಕ್ಕಿದೆ" ಎಂದೂ ಹೇಳಿದೆ.

"ಹಾಗಾದ್ರೆ ಬರ್ತೇನೆ," ಎಂದರು. "ಅಪ್ಪ ಹೋಗುವಾಗ ನಂಗೆ ಎಂಟೋ ಒಂಬತ್ತೋ. ಮುಖ ಮರ್ತೇ ಹೋಗಿದೆ ಅಂತ ಕಾಣ್ತದೆ. ಒಮ್ಮೆ ನೋಡ್ಬೇಕು."

ಭಾನುವಾರ ಬೆಳಿಗ್ಗೆ ನಿರೂಪಣೆ ಮಾಡಲು ನನ್ನ ಅಕ್ಕನ ಮಗಳು ಶ್ರುತಿ ಬಂದಳು. ಮೂಡಬಿದಿರೆಯಲ್ಲಿ ಇಂಗ್ಲಿಷ್ ಲೆಕ್ಚರರ್. ವೇದಿಕೆಯ ಮೇಲಿದ್ದ ಫೋಟೋ ನೋಡಿ ಅನುಮಾನ ಬಂದು, ಫೋನಿನಲ್ಲಿ ಅದರ ಚಿತ್ರ ತೆಗೆದು ಇಂಟರ್ನೆಟ್ಟಿನಲ್ಲಿ ಹುಡುಕಿದಳು.

"ಚಿಕ್ಕಮ್ಮ, ಇವರು ನಿಮ್ಮ ಮಾಸ್ಟ್ರಲ್ಲ. ಅಮೆರಿಕದ ಒಂದು ಯೂನಿವರ್ಸಿಟಿಯ ಅಧ್ಯಕ್ಷರು. ಹತ್ತೊಂಬತ್ತನೇ ಶತಮಾನದವರು."

ಸುಶೀಲಮ್ಮ ಬಂದರೇ ಎಂದು ನಾನು ಗೇಟಿನ ಕಡೆ ನೋಡಿದೆ. ಅವಳಿಗೋ ನಗು ತಡೆಯುತ್ತಿಲ್ಲ. ಓದಿಯೇ ಓದಿದಳು. ಗ್ರೀಕ್ ಕಲಿಸುತ್ತಿದ್ದರಂತೆ. ಆಡಳಿತ ಮಂಡಳಿಯೊಡನೆ ಜಗಳಾಡಿ ಹುಡುಗಿಯರಿಗೆ ಬಾಗಿಲು ತೆರೆದರಂತೆ. ಬಡ ವಿದ್ಯಾರ್ಥಿಗಳಿಗೆ ಇವರ ಮನೆಯಲ್ಲೇ ಊಟವಂತೆ. ಅವರು ಕಟ್ಟಿಸಿದ ಕಟ್ಟಡದಲ್ಲಿ ಇಂದಿಗೂ ಪಾಠ ನಡೆಯುತ್ತಿದೆಯಂತೆ. (ಹೆಸರು ಹೇಳಲಾರೆ. ಅವರ ಮರಿಮಕ್ಕಳು ಯಾರಾದರೂ ಇದನ್ನು ಓದಿ, ನಮ್ಮನ್ನು ಯಾಕೆ ಕರೆಯಲಿಲ್ಲ ಎಂದು ಕೇಳಿದರೆ?) ನಮ್ಮ ಮಾಸ್ಟ್ರಿಗೆ ಒಳ್ಳೆಯ ಜೋಡಿಯೇ. ಆದರೆ ಮಗಳಿಗೆ ಏನು ಹೇಳುವುದು?

ಫ್ರೇಮ್ ಇಳಿಸುವಷ್ಟರಲ್ಲಿ ರಿಕ್ಷಾ ಬಂದೇ ಬಿಟ್ಟಿತು. ಖಜಾಂಚಿ ಸುಶೀಲಮ್ಮನನ್ನು ನೇರ ವೇದಿಕೆಗೆ ಕರೆದೊಯ್ದು ಕೈಗೆ ಹಾರ ಕೊಟ್ಟರು. ಅವರು ಕನ್ನಡಕ ಸರಿಮಾಡಿಕೊಂಡು ಫೋಟೋವನ್ನೇ ನೋಡಿದರು. ತುಂಬಾ ಹೊತ್ತು ನೋಡಿದರು. ನಾನು ಓಡಿಹೋಗಿ ಕಿವಿಯಲ್ಲಿ ಎಲ್ಲವನ್ನೂ ಹೇಳಿದೆ.

ಅವರು ಹಾರ ಹಾಕಿಯೇ ಹಾಕಿದರು. ಆಮೇಲೆ ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆ ಎಂದು ಹೆದರಿದೆ. ನಗುತ್ತಿದ್ದರು.

"ಅಪ್ಪನಿಗೆ ಗಡ್ಡ ಬಿಡ್ಲಿಕ್ಕೆ ಭಾರೀ ಆಸೆ ಇತ್ತು," ಎಂದರು. "ಅಮ್ಮ ಒಪ್ಪಲಿಲ್ಲ."

"ತಪ್ಪಾಯ್ತು ಅಮ್ಮ, ನಿಮ್ಮನ್ನು ಸುಮ್ಮನೆ ಆಸೆ ಹುಟ್ಟಿಸಿ ಕರೆಸಿದೆ," ಎಂದೆ.

"ನೀವು ಯಾಕೆ ಬೇಜಾರು ಮಾಡುವುದು? ನೋಡಿದ ಕೂಡ್ಲೇ ಇದು ಅಪ್ಪ ಅಲ್ಲ ಅಂತ ಗೊತ್ತಾಯ್ತು. ಮೂಗು ಹೀಗಲ್ಲ, ಹಣೆ ಹೀಗಲ್ಲ. ಹಾಗಾದ್ರೆ ಅಪ್ಪನ ಮುಖ ನಂಗೆ ಮರ್ತು ಹೋಗಿಲ್ಲ ಅಂತ ಆಯ್ತಲ್ಲ?"

ಈಗ ನೀವೇ ಹೇಳಿ, ಕಲ್ಲಡ್ಕದ ಡಿಸೈನರಿಗೆ ನಾನು ಬೈಯಬೇಕೇ, ಥ್ಯಾಂಕ್ಸ್ ಹೇಳಬೇಕೇ?