ನೌಕೆಯ ಗೋಡೆಗೆ ಇಟ್ಟ ಬೊಟ್ಟು

ಇಂಥ ಸಂಗತಿಗಳನ್ನು ನಾನು ನಂಬಿದವನಲ್ಲ. ನಂಬದಿದ್ದುದು ಮಾತ್ರವಲ್ಲ, ಅವು ಅಚ್ಚಾಗದಂತೆ ನೋಡಿಕೊಳ್ಳುವುದೇ ನನ್ನ ಕೆಲಸವಾಗಿತ್ತು. ಮಂಡ್ಯದ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಇಪ್ಪತ್ತೆರಡು ವರ್ಷ ಕೂತಿದ್ದೆ. ಹುಣಸೆಮರದಲ್ಲಿ ದೀಪ ಕಂಡಿತು, ಮುಚ್ಚಿದ ಬಾವಿಯಿಂದ ದನಿ ಬಂತು ಎಂದು ಹಳ್ಳಿಗಳಿಂದ ವರದಿಗಳು ಬರುತ್ತಿದ್ದವು. ಕಳಿಸಿದವರಿಗೆ ಫೋನು ಮಾಡಿ ಮೂರು ಪ್ರಶ್ನೆ ಕೇಳುತ್ತಿದ್ದೆ. ಯಾರು ನೋಡಿದರು? ಎಷ್ಟು ಹೊತ್ತಿನಲ್ಲಿ? ಜೊತೆಗೆ ಇನ್ನು ಯಾರು ನೋಡಿದರು? ಮೂರನೆಯದಕ್ಕೆ ಬರುವಷ್ಟರಲ್ಲಿ ವರದಿ ಕರಗಿಹೋಗುತ್ತಿತ್ತು.

ಈಗ ನಾನೇ ಅಂಥದೊಂದನ್ನು ಬರೆಯಲು ಕೂತಿದ್ದೇನೆ. ಮೂರು ಪ್ರಶ್ನೆಗೂ ನನ್ನಲ್ಲಿ ಉತ್ತರವಿದೆ. ಓದುವವರು ನಂಬಲೇಬೇಕೆಂದಿಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳುವುದು ನನಗೆ ಗೊತ್ತು. ಅಷ್ಟನ್ನು ಮಾಡುತ್ತೇನೆ.

ನಾನು ಪತ್ರಿಕೆ ಬಿಟ್ಟ ವರ್ಷ ರೂಪಾ ಫೋನು ಮಾಡಿದಳು. ಮಳವಳ್ಳಿ ಕಡೆಯವಳು, ನಮ್ಮಲ್ಲಿ ತರಬೇತಿಗೆ ಬಂದು ಆರು ತಿಂಗಳು ನನ್ನ ಕೆಂಪು ಪೆನ್ನಿನ ಕಾಟ ಸಹಿಸಿದವಳು. ಈಗ ಒಂದು ಚಾನೆಲ್ಲಿಗೆ ವಿಜ್ಞಾನದ ಕತೆಯ ಧಾರಾವಾಹಿ ನಿರ್ದೇಶಿಸುತ್ತಿದ್ದಳು. ಸಾಲುಸಾಲಿಗೂ ತಪ್ಪು ಹುಡುಕುತ್ತಿದ್ದಿರಲ್ಲ ಸಾರ್, ಬಂದು ನನ್ನ ಧಾರಾವಾಹಿಯಲ್ಲಿ ಹುಡುಕಿಕೊಡಿ, ಸಂಬಳ ಕೊಡುತ್ತೇನೆ ಎಂದಳು. ಆ ಕೆಲಸಕ್ಕೆ ಅವರು ಕಂಟಿನ್ಯುಯಿಟಿ ಅನ್ನುತ್ತಾರೆ. ನಾಯಕಿ ಬಾಗಿಲು ತೆರೆಯುವುದನ್ನು ಸೋಮವಾರ ಚಿತ್ರಿಸಿ, ಒಳಗೆ ಕಾಲಿಡುವುದನ್ನು ಗುರುವಾರ ಚಿತ್ರಿಸುತ್ತಾರೆ. ನೋಡುವವರಿಗೆ ಅದು ಒಂದೇ ಕ್ಷಣ. ಸೋಮವಾರ ಉರಿಯುತ್ತಿದ್ದ ದೀಪ ಗುರುವಾರವೂ ಉರಿಯಬೇಕು, ತೋಳಿನ ಮಡಿಕೆ ಅಷ್ಟೇ ಇರಬೇಕು. ಪ್ರತಿ ಶಾಟಿಗೂ ಮುಂಚೆ ಹಳೆಯ ಫೋಟೊ ಹಿಡಿದು ಹೊಸದನ್ನು ನೋಡಿ, ಸರಿಯಿದ್ದರೆ ರಿಜಿಸ್ಟರಿನಲ್ಲಿ ‘ಹೊಂದುತ್ತದೆ’ ಎಂದು ಬರೆಯಬೇಕು. ನನಗೆ ಒಗ್ಗಿದ ಕೆಲಸ.

ಸೋಮನಹಳ್ಳಿಯ ಹತ್ತಿರ, ಹೆದ್ದಾರಿಯಿಂದ ಸ್ವಲ್ಪ ಒಳಗೆ, ನಿಂತುಹೋದ ಒಂದು ಅಕ್ಕಿ ಗಿರಣಿಯಲ್ಲಿ ವ್ಯೋಮನೌಕೆಯನ್ನು ಕಟ್ಟಿದ್ದರು. ಕಟ್ಟಿದವರು ಮಾದಪ್ಪ, ನಮಗೆಲ್ಲ ಮಾದಣ್ಣ. ಅರವತ್ತರ ಹತ್ತಿರದ ಬಡಗಿ. ನಲವತ್ತು ವರ್ಷ ಹಳ್ಳಿಗಳ ಪೌರಾಣಿಕ ನಾಟಕಗಳಿಗೆ ಸಿಂಹಾಸನ, ರಥ, ಅರಮನೆಯ ಕಂಬ ಮಾಡಿಕೊಟ್ಟವರು. ರೂಪಾಳ ಊರಿನ ನಾಟಕಗಳಿಗೂ ಅವರದೇ ಸೀನರಿ. ನೌಕೆಯ ಗೋಡೆಗೆ ನುಣುಪಾದ ತಗಡು ಹೊಡೆದು, ನಡುನಡುವೆ ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ನಿಲ್ಲಿಸಿ, ಎಲ್ಲಕ್ಕೂ ಬೆಳ್ಳಿಬಣ್ಣ ಬಳಿದಿದ್ದರು. ಕ್ಯಾಮೆರಾದಲ್ಲಿ ನೋಡಿದರೆ ಯಾವುದೋ ಗ್ರಹದ ಯಂತ್ರದಂತೆ ಕಾಣುತ್ತಿತ್ತು. ನೌಕೆ ನಡೆಸುವ ಗುಂಡಿಗಳು ಹಳೆಯ ಪಂಪ್‌ಸೆಟ್ಟಿನ ಸ್ಟಾರ್ಟರುಗಳಿಂದ ಕಿತ್ತವು, ಹಸಿರು ಕೆಂಪು.

“ಮೇಲ್ಕೆ ಆರ್ದೆ ಓದ್ರೂ ಪರ್ವಾಗಿಲ್ಲ ಬುಡು ಮಾದಣ್ಣ, ಕಬ್ಬಿಗೆ ನೀರಾದ್ರೂ ಬತ್ತದೆ” ಎಂದು ಲೈಟಿನ ಕೆಂಪರಾಜು ಅವರನ್ನು ರೇಗಿಸುತ್ತಿದ್ದ.

ಮಾದಣ್ಣ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅವರ ಮನಸ್ಸು ಬೇರೆ ಕಡೆ ಇತ್ತು. ಧಾರಾವಾಹಿಯ ಆರಂಭದಲ್ಲಿ ‘ನೌಕೆ ನಿರ್ಮಾಣ: ಮಾದಪ್ಪ’ ಎಂದು ಹೆಸರು ಹಾಕುವುದಾಗಿ ರೂಪಾ ಮಾತು ಕೊಟ್ಟಿದ್ದಳು. ನಲವತ್ತು ವರ್ಷದಲ್ಲಿ ನಾಟಕದ ಒಂದು ಕರಪತ್ರದಲ್ಲೂ ಅವರ ಹೆಸರು ಬಂದಿರಲಿಲ್ಲ. ಅದು ಪರದೆಯ ಮೇಲೆ ಎಷ್ಟು ಹೊತ್ತು ಇರುತ್ತದೆ ಎಂದು ನನ್ನನ್ನು ಎರಡು ಸಲ ಕೇಳಿದ್ದರು. “ನಮ್ಮನೇಳು ಅಕ್ಸರ ಕೂಡಿಸ್ಕಂಡು ಓದೋಳು ಸಾ. ಅವ್ಳು ಓದಿ ಮುಗ್ಸೋಗಂಟ ನಿಂತಿರ್ತದಾ ಎಸ್ರು?” ಮೊದಲ ಸಲ ನನ್ನ ಹೆಸರು ಅಚ್ಚಾದ ಪತ್ರಿಕೆಯನ್ನು ನಮ್ಮೂರು ದುದ್ದದ ಮನೆಗೆ ಒಯ್ದ ದಿನ ನನಗೆ ನೆನಪಿದೆ. ನಿಲ್ಲಿಸಿ ಎಂದು ರೂಪಾಳಿಗೆ ಹೇಳುತ್ತೇನೆ ಎಂದೆ.

ಕತೆಯ ಪ್ರಕಾರ ಆ ನೌಕೆಯನ್ನು ಯಂತ್ರಗಳೇ ಕಟ್ಟಿವೆ. ಮನುಷ್ಯರ ಕೈ ಅದನ್ನು ಮುಟ್ಟಿಲ್ಲ. ನಾಯಕಿಯೇ ಅದರೊಳಗೆ ಬರುವ ಮೊದಲ ಮನುಷ್ಯಜೀವ. ಹಾಗಾಗಿ ಗೋಡೆಯಲ್ಲಿ ಕುಂಚದ ಗೆರೆಯೂ ಕಾಣಬಾರದು ಎಂದು ರೂಪಾ ಹಟ ಹಿಡಿದಿದ್ದಳು. ಮೊದಲ ವಾರವೇ ನನ್ನ ಕಣ್ಣಿಗೆ ಬಿದ್ದದ್ದು ನಾಯಕಿಯ ಪೀಠದ ಹಿಂದಿನ ತಗಡಿನ ಮೇಲೆ ಒಂದು ಕಪ್ಪು ಬೊಟ್ಟು. ಹೆಬ್ಬೆರಳಿನ ಗುರುತು. ಕಟ್ಟುವ ಮನೆಗೆ, ಕೊಂಡ ಟ್ರ್ಯಾಕ್ಟರಿಗೆ ಇಡುವಂತೆ ಮಾದಣ್ಣ ನೌಕೆಗೂ ಕಾಡಿಗೆ ಮತ್ತು ಹರಳೆಣ್ಣೆ ಕಲಸಿ ದೃಷ್ಟಿಬೊಟ್ಟು ಇಟ್ಟಿದ್ದರು. ಕೇಳಿದರೆ ಮುಚ್ಚಿಡಲಿಲ್ಲ. ಕೆಲಸ ಮುಗಿದ ಮೇಲೆ ಬೊಟ್ಟಿಡದೆ ಬಿಟ್ಟರೆ ಕಣ್ಣಾಗುತ್ತದೆ ಎಂದರು. ನಾನು ಫೋಟೊ ತೆಗೆದುಕೊಂಡೆ. ಅವರೇ ಬಟ್ಟೆ ತಂದು ಒರೆಸಿದರು, ಮುಖ ಮಾತ್ರ ಸಣ್ಣದಾಗಿತ್ತು.

ನಾಲ್ಕು ದಿನದ ನಂತರ, ಬೆಳಿಗ್ಗೆ ಚಿತ್ರಿಸಿದ್ದನ್ನು ಸಂಜೆ ನೋಡುತ್ತಿದ್ದಾಗ ಅದೇ ಜಾಗದಲ್ಲಿ ಮತ್ತೆ ಬೊಟ್ಟಿತ್ತು. ಅರ್ಧ ದಿನದ ಕೆಲಸ ಹಾಳಾಗಿತ್ತು. ಸಿಟ್ಟಿನಲ್ಲಿ ಒದ್ದೆ ಬಟ್ಟೆ ತೆಗೆದುಕೊಂಡು ಹೋಗಿ ನಾನೇ ಉಜ್ಜಿ ತೆಗೆದೆ. ಹತ್ತಿರದಿಂದ ಫೋಟೊ ತೆಗೆಯಲಿಲ್ಲ. ಆಮೇಲೆ ರಿಜಿಸ್ಟರಿನಲ್ಲಿ ‘ಮಾದಪ್ಪ ಮತ್ತೆ ಬೊಟ್ಟು ಇಟ್ಟಿದ್ದಾರೆ’ ಎಂದು ಬರೆದೆ. ಇಟ್ಟಿರಬಹುದು ಎಂದು ಬರೆಯಲಿಲ್ಲ. ನೋಡದೆ ಇರುವುದನ್ನು ನೋಡಿದಂತೆ ಬರೆದವರನ್ನು ನಾನು ಡೆಸ್ಕಿನಲ್ಲಿ ಎಷ್ಟು ಸಲ ಗದರಿಸಿದ್ದೆನೋ ಲೆಕ್ಕವಿಲ್ಲ. ಆ ದಿನ ನಾನು ಮಾಡಿದ್ದು ಅದನ್ನೇ.

ರಿಜಿಸ್ಟರಿನ ಪುಟ ಪ್ರತಿದಿನ ಚಾನೆಲ್ಲಿಗೆ ಹೋಗುತ್ತಿತ್ತು. ಮಾರನೆಯ ದಿನವೇ ಅಲ್ಲಿಂದ ಮಾತು ಬಂತು. ಹೇಳಿದ್ದು ಕೇಳದ ಆ ಬಡಗಿಯನ್ನು ಕಳಿಸಿಬಿಡಿ, ಹೆಸರನ್ನೂ ತೆಗೆಯಿರಿ. ರೂಪಾ ಒಂದು ದಿನ ಸಮಯ ಕೇಳಿಕೊಂಡಳು. ಮಾದಣ್ಣನನ್ನು ಕರೆದು ವಿಷಯ ಹೇಳಿದ್ದು ನಾನು. ಅವರು ನನ್ನ ಮುಖವನ್ನೇ ನೋಡಿದರು.

“ಇಟ್ಟಿದ್ರೆ ಇಟ್ಟೆ ಅಂತಿದ್ದೆ ಸಾ. ಮೊದಲ್ನೇದ ಇಟ್ಟೆ, ಒಪ್ಕಂಡೆ. ಇದು ನಂದಲ್ಲ. ವೈದ್ನಾತೇಸ್ವರನ ಮೇಲಾಣೆ.”

ನನ್ನ ಕಸುಬಿನಲ್ಲಿ ದೇವರ ಸಾಕ್ಷಿ ನಡೆಯುವುದಿಲ್ಲ ಎಂದೆ.

“ಅಂಗಾರೆ ನೀವೇ ಸಾಕ್ಸಿ ಆಗಿ. ನಾಳೀಕೆ ಇಡೀ ದಿನ ನನ್ ಕೈಯ ನಿಮ್ ಕಣ್ ಮುಂದೇನೆ ಇಟ್ಕಳಿ.”

ನ್ಯಾಯವಾದ ಮಾತು. ಹಾಗೆಯೇ ಮಾಡಿದೆವು. ಮರುದಿನ ಬೆಳಿಗ್ಗೆಯಿಂದ ಮಾದಣ್ಣ ನನ್ನ ಪಕ್ಕದಲ್ಲೇ ಇದ್ದರು. ಹನ್ನೆರಡು ನಲವತ್ತಕ್ಕೆ ಖಾಲಿ ಗೋಡೆಯ ಫೋಟೊ ತೆಗೆದು, ಎಲ್ಲರನ್ನೂ ಹೊರಗೆ ಕಳಿಸಿ, ಗಿರಣಿಗೆ ಬೀಗ ಹಾಕಿ ಕೀಲಿಯನ್ನು ನನ್ನ ಜೇಬಿಗೆ ಹಾಕಿಕೊಂಡೆ. ಹಿಂಬದಿಯ ಬಾಗಿಲಿಗೆ ಗಿರಣಿ ನಿಂತಾಗಲೇ ವೆಲ್ಡಿಂಗ್ ಆಗಿತ್ತು. ಸ್ಕೂಟರಿನಲ್ಲಿ ಮಾದಣ್ಣನನ್ನು ಕೂರಿಸಿಕೊಂಡು ಮದ್ದೂರಿಗೆ ಹೋಗಿ ಇಬ್ಬರೂ ಮುದ್ದೆ ಉಂಡೆವು. ಅವರು ಅರ್ಧ ಮುದ್ದೆ ಬಿಟ್ಟರು. ಕೈ ತೊಳೆಯುವಾಗ ಒಂದೇ ಮಾತು ಹೇಳಿದರು: “ಯಾರೂ ಇಲ್ದಿರೋ ಮನೆ ಅಂತೀರಲ್ಲ ಸಾ ನಿಮ್ ಕತೇಲಿ. ಯಾರೂ ಇಲ್ದಿರೋ ಮನೇನೂ ಯಾರೋ ಒಬ್ರು ಕಟ್ಟಿರ್ತಾರೆ.”

ಎರಡು ಗಂಟೆ ಹತ್ತು ನಿಮಿಷಕ್ಕೆ ಬೀಗ ತೆಗೆದೆ. ರೂಪಾ, ಕ್ಯಾಮೆರಾದವನು, ನಾನು ಮೂವರೂ ಗೋಡೆಯ ಹತ್ತಿರ ಹೋಗಿ ನೋಡಿದೆವು. ಏನೂ ಇರಲಿಲ್ಲ. ತಗಡಿನ ಮೇಲೆ ಅಂಗೈ ಸವರಿದೆ. ಎರಡು ಮೂವತ್ತೈದಕ್ಕೆ ಕ್ಯಾಮೆರಾ ಶುರುವಾಯಿತು. ನಾಯಕಿ ಮೊದಲ ಸಲ ನೌಕೆಯೊಳಗೆ ಬರುವ ದೃಶ್ಯ. ಒಂದು ನಿಮಿಷಕ್ಕೂ ಕಡಿಮೆ, ನಡುವೆ ಎಲ್ಲೂ ನಿಲ್ಲಿಸದೆ ತೆಗೆಯುವ ಒಂದೇ ಶಾಟು. ನಾನು ಮಾನಿಟರಿನ ಮುಂದೆ ನಿಂತಿದ್ದೆ, ಎಡಗೈಯಲ್ಲಿ ರಿಜಿಸ್ಟರು, ಬಲಗೈಯಲ್ಲಿ ಪೆನ್ನು. ಬಲಕ್ಕೆ ರೂಪಾ. ಎಡಕ್ಕೆ ಸ್ಟೂಲಿನ ಮೇಲೆ ಮಾದಣ್ಣ, ಎರಡೂ ಕೈ ಮಂಡಿಯ ಮೇಲೆ. ಕ್ಯಾಮೆರಾದ ಹಿಂದೆ ಕ್ಯಾಮೆರಾದವನು ಮತ್ತು ಕೆಂಪರಾಜು. ಗೋಡೆ ನಮ್ಮಿಂದ ಹದಿನೈದು ಅಡಿ ದೂರ.

ನಾಯಕಿಯ ಪಾತ್ರ ಮಾಡುತ್ತಿದ್ದ ಸುಮಾ ಎಡಬದಿಯ ಬಾಗಿಲಿನಿಂದ ಬಂದಳು. ಗೋಡೆ ಬರಿದಾಗಿತ್ತು. ಅವಳು ಗೋಡೆಯ ಮುಂದೆ ಹಾದುಹೋದಳು. ಅವಳಿಗೂ ಗೋಡೆಗೂ ನಡುವೆ ನೆಲಕ್ಕೆ ಕೂರಿಸಿದ ದೀಪಗಳ ಸಾಲಿತ್ತು, ಚಾಚಿದರೂ ಕೈ ಎಟುಕುವಂತಿರಲಿಲ್ಲ. ಅವಳ ಮೈ ಪೀಠದ ಹಿಂದಿನ ತಗಡನ್ನು ಎರಡು ಸೆಕೆಂಡು ಮರೆ ಮಾಡಿತು. ಅವಳು ಆಚೆ ಸರಿದಾಗ ಅಲ್ಲಿ ಬೊಟ್ಟಿತ್ತು.

ಮಾನಿಟರಿನಿಂದ ತಲೆಯೆತ್ತಿ ಗೋಡೆಯನ್ನೇ ನೋಡಿದೆ. ಗೋಡೆಯ ಮೇಲೂ ಇತ್ತು. ಮಾದಣ್ಣನ ಕೈಗಳನ್ನು ನೋಡಿದೆ. ಮಂಡಿಯ ಮೇಲೆಯೇ ಇದ್ದವು. ಅಷ್ಟರಲ್ಲಿ ಸುಮಾ ತಿರುಗಿದಳು. ‘ಇಲ್ಲಿ ಯಾರೂ ಇಲ್ಲ’ ಎಂಬುದು ಅವಳು ಹೇಳಬೇಕಾಗಿದ್ದ ಮಾತು. ಬೊಟ್ಟು ಕಂಡು ಅವಳು ನಿಂತಳು. ಆಮೇಲೆ, ಬೇರೊಬ್ಬರ ಮನೆಗೆ ಕೇಳದೆ ನುಗ್ಗಿದವರಂತೆ, ಸಣ್ಣ ದನಿಯಲ್ಲಿ “ಯಾರಿದ್ದೀರಿ?” ಎಂದಳು. ರೂಪಾ ಕಟ್ ಹೇಳಲಿಲ್ಲ.

ಆ ಸಂಜೆ ನನಗೆ ತೋಚಿದ ಕಾರಣಗಳನ್ನೆಲ್ಲ ಒಂದೊಂದಾಗಿ ನೋಡಿದೆ. ಸುಮಾಳ ಬಿಳಿಯ ಉಡುಪಿನಲ್ಲಿ, ಕೈಯಲ್ಲಿ ಕಲೆ ಇರಲಿಲ್ಲ. ತಗಡನ್ನು ಬಿಚ್ಚಿಸಿ ಹಿಂಬದಿ ನೋಡಿದೆ, ಒಣಗಿತ್ತು. ಗೋಡೆಗೂ ಗಿರಣಿಯ ಇಟ್ಟಿಗೆಗೂ ನಡುವೆ ಒಂದು ಗೇಣೂ ಜಾಗವಿಲ್ಲ. ಚಿತ್ರವನ್ನು ಬಿಡಿಬಿಡಿಯಾಗಿ ನಿಲ್ಲಿಸಿ ನೋಡಿದೆವು. ಅವಳು ಹಾದುಹೋಗುವ ಮುಂಚೆ ಇಲ್ಲ, ಹಾದ ಮೇಲೆ ಇದೆ. ಬೊಟ್ಟು ಹಸಿಯಾಗಿತ್ತು, ಹರಳೆಣ್ಣೆಯ ವಾಸನೆ ಬರುತ್ತಿತ್ತು. ಈ ಸಲ ಫೋಟೊ ತೆಗೆಯಲು ಮರೆಯಲಿಲ್ಲ. ಮಾದಣ್ಣನ ಬಲ ಹೆಬ್ಬೆರಳಿಗೆ ಹಿಂದೆಂದೋ ಉಳಿ ತಗುಲಿ ಅಡ್ಡಕ್ಕೆ ಸೀಳಿದ ಗುರುತಿದೆ. ಮೊದಲ ಬೊಟ್ಟಿನ ಫೋಟೊದಲ್ಲಿ ಆ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಇದರಲ್ಲಿ ಅದಿರಲಿಲ್ಲ. ಕೆಳಗಿನ ಅಂಚಿನಲ್ಲಿ ನುಚ್ಚಕ್ಕಿಯಷ್ಟು ಜಾಗದಲ್ಲಿ ಮಾತ್ರ ಕಾಡಿಗೆ ಹಿಡಿದಿರಲಿಲ್ಲ. ತಗಡಿನಲ್ಲಿ ಏನೋ ತಗ್ಗಿರಬೇಕು ಎಂದುಕೊಂಡೆ.

ಪತ್ರಿಕೆಯಲ್ಲಿ ತಿದ್ದುಪಡಿಯನ್ನು ಒಳಪುಟದ ಮೂಲೆಯಲ್ಲಿ ಸಣ್ಣಗೆ ಹಾಕುತ್ತಿದ್ದೆವು. ನಾನು ಆ ದಿನದ ಪುಟದ ತಲೆಯಲ್ಲೇ ಬರೆದೆ: ‘ಈ ಬೊಟ್ಟನ್ನು ಮಾದಪ್ಪ ಇಟ್ಟಿಲ್ಲ. ನಾನು ನೋಡಿದ್ದೇನೆ, ಐದು ಮಂದಿ ಜೊತೆಗಿದ್ದರು. ಎರಡನೆಯದನ್ನು ಅವರು ಇಟ್ಟರೆಂದು ನೋಡದೆ ಬರೆದದ್ದು ನನ್ನ ತಪ್ಪು.’ ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿದೆ. ಚಾನೆಲ್ಲಿನವರು ಆ ಪುಟಕ್ಕಿಂತ ಸುಮಾಳ ಶಾಟಿಗೆ ಮನಸೋತರು ಅನ್ನುವುದು ನಿಜ. ಅಂತೂ ಮಾದಣ್ಣ ಉಳಿದರು, ಹೆಸರೂ ಉಳಿಯಿತು. ಅವರ ಹೆಂಡತಿ ಓದಿ ಮುಗಿಸುವವರೆಗೂ ಅದು ನಿಂತಿತ್ತಂತೆ. ಸಮಯ ಮಿಕ್ಕಿತು ಸಾ ಎಂದು ನನಗೆ ಫೋನಿನಲ್ಲಿ ಹೇಳಿದರು.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮರುದಿನ ರೂಪಾ ನನ್ನ ಹತ್ತಿರ ಬಂದು, “ಆ ಶಾಟು ಇಟ್ಕೋತೀನಿ ಸಾರ್. ಇನ್ನು ಬೊಟ್ಟು ಇರಲೇಬೇಕು, ಕೊನೇವರೆಗೂ. ನಿಮ್ಮ ಕಂಟಿನ್ಯುಯಿಟಿ” ಎಂದಳು. ಕತೆ ಬದಲಾಯಿತು. ನೌಕೆಯಲ್ಲಿ ನಾಯಕಿಗಿಂತ ಮುಂಚೆ ಯಾರೋ ಬಂದಿದ್ದರು ಎಂದಾಯಿತು. ಆದರೆ ದೀಪಗಳ ಕಾವಿಗೆ ಬೊಟ್ಟು ನಾಲ್ಕೇ ದಿನದಲ್ಲಿ ಒಣಗಿ ಉದುರತೊಡಗಿತು. ಹೊಸದಾಗಿ ಇಡಬೇಕಾಯಿತು. ಮಾದಣ್ಣ ಕಾಡಿಗೆ ಕಲಸಿಕೊಟ್ಟರು, ಇಡಲು ಮಾತ್ರ ಒಪ್ಪಲಿಲ್ಲ.

“ನಾ ಇಟ್ಟಿದ್ದಲ್ಲ, ನಾ ಮುಟ್ಟಕಿಲ್ಲ. ತಿದ್ದೋದು ನಿಮ್ ಕಸುಬಲ್ವಾ ಸಾ, ನೀವೇ ಇಡಿ.”

ಸರಿ ಎಂದೆ. ಒಬ್ಬರ ಹೆಬ್ಬೆರಳಿನ ಗುರುತು ಇನ್ನೊಬ್ಬರದಕ್ಕೆ ಹೊಂದುವುದಿಲ್ಲ ಎಂದು ಗೊತ್ತಿತ್ತು. ದೂರದಿಂದ ಹೊಂದಿದರೆ ಸಾಕಿತ್ತು. ತಿದ್ದಲು ಹತ್ತಿ ಸುತ್ತಿದ ಕಡ್ಡಿ, ಬಟ್ಟೆ ಎಲ್ಲ ಇಟ್ಟುಕೊಂಡೆ. ಹಳೆಯದನ್ನು ಒರೆಸಿ, ಅದೇ ಜಾಗದಲ್ಲಿ ಒಂದು ಸಲ ಬಲ ಹೆಬ್ಬೆರಳು ಒತ್ತಿದೆ. ಫೋಟೊ ತೆಗೆದು, ಸುಮಾಳ ಶಾಟಿನ ದಿನದ ಫೋಟೊದ ಪಕ್ಕದಲ್ಲಿ ಹಿಡಿದು, ದೊಡ್ಡದು ಮಾಡಿ ನೋಡಿದೆ. ತಿದ್ದುವಂಥದ್ದು ಏನೂ ಇರಲಿಲ್ಲ. ಅಳತೆ ಅದೇ. ವಾಲಿಕೆ ಅದೇ. ಸುಳಿಯೂ ಅದೇ. ಕೆಳಗಿನ ಅಂಚಿನಲ್ಲಿ ನುಚ್ಚಕ್ಕಿಯಷ್ಟು ಖಾಲಿ ಜಾಗ ಎರಡರಲ್ಲೂ ಇತ್ತು. ತಗಡನ್ನು ಉಗುರಿನಿಂದ ಕೆರೆದು ನೋಡಿದೆ. ಅಲ್ಲಿ ಯಾವ ತಗ್ಗೂ ಇರಲಿಲ್ಲ. ಪತ್ರಿಕೆಗೆ ಸೇರಿದ ಮೊದಲ ವರ್ಷ, ಪುಟಕ್ಕೆ ಅಂಟಿಸುವ ಕಾಗದ ಕತ್ತರಿಸುವಾಗ ಬ್ಲೇಡು ನನ್ನ ಹೆಬ್ಬೆರಳಿನ ಆ ಜಾಗದಲ್ಲಿ ಅಷ್ಟೇ ಚರ್ಮ ತೆಗೆದಿತ್ತು. ಮತ್ತೆ ತುಂಬಲಿಲ್ಲ.

ಆ ಮಧ್ಯಾಹ್ನದ ಬೊಟ್ಟನ್ನು ನಾನು ಇಟ್ಟಿಲ್ಲ. ಇದನ್ನು ಖಚಿತವಾಗಿ ಹೇಳಬಲ್ಲೆ. ಅಂಗೈ ಸವರಿದ್ದು ನಿಜ, ಆದರೆ ಕೈಯಲ್ಲಿ ಕಾಡಿಗೆ ಇರಲಿಲ್ಲ, ಸವರಿದ ಮೇಲೂ ಗೋಡೆ ಬರಿದಾಗಿತ್ತು. ಅದಕ್ಕೆ ಕ್ಯಾಮೆರಾ ಸಾಕ್ಷಿ. ಹದಿನೈದು ಅಡಿ ದೂರದಲ್ಲಿ ನನ್ನ ಕೈಯಲ್ಲಿ ಪೆನ್ನಿತ್ತು, ಅದಕ್ಕೆ ರೂಪಾ ಸಾಕ್ಷಿ. ಯಾರು ನೋಡಿದರು, ಎಷ್ಟು ಹೊತ್ತಿಗೆ, ಜೊತೆಗೆ ಯಾರು ಎಂಬ ಮೂರಕ್ಕೂ ಉತ್ತರ ಕೊಟ್ಟಿದ್ದೇನೆ. ಡೆಸ್ಕಿನಲ್ಲಿ ಕೂತಿದ್ದಾಗ, ಯಾರ ಬೆರಳು ಎಂಬ ನಾಲ್ಕನೆಯ ಪ್ರಶ್ನೆ ಬೇಕಾದೀತೆಂದು ನನಗೆ ಹೊಳೆದಿರಲಿಲ್ಲ.

ಫೋಟೊಗಳನ್ನು ಯಾರಿಗೂ ತೋರಿಸಲಿಲ್ಲ. ಹೊರಗೆ ಶಾಟಿಗೆ ಕಾಯುತ್ತಿದ್ದರು. ಹೆಬ್ಬೆರಳನ್ನು ಬಟ್ಟೆಗೆ ಒರೆಸಿಕೊಂಡು ರಿಜಿಸ್ಟರು ತೆಗೆದೆ. ಬೊಟ್ಟಿನ ಮುಂದಿನ ಖಾಲಿ ಜಾಗದಲ್ಲಿ ಎಂದಿನಂತೆ ಒಂದೇ ಪದ ಬರೆದೆ: ಹೊಂದುತ್ತದೆ.