ಕೋಕೋದ ಬೆಡಗು ಕೇಳಿದ ಗಂಗಕ್ಕ

ಹೂಕೋಸು ತಂದಿಟ್ಟರೂ ಬೆಡಗು ಕೇಳುವವಳು ನಮ್ಮ ಗಂಗಕ್ಕ. ಬೆಡಗು ಅಂದರೆ ಕುಲದ ಕವಲು. ನಮ್ಮಲ್ಲಿ ಅದನ್ನು ವಿಚಾರಿಸದೆ ಮದುವೆಯ ಮಾತು ಮುಂದೆ ಹೋಗುವುದಿಲ್ಲ. ಕರಜಗಿಯಿಂದ ಸೋಲಾಪುರದ ಈ ವ್ಯಾಪಾರದ ಮನೆಗೆ ಹಿರಿಯ ಸೊಸೆಯಾಗಿ ಬಂದವಳು ಎಷ್ಟೋ ಸಂಬಂಧ ಕುದುರಿಸಿದ್ದಳು. ಆ ಚಟ ಕಾಯಿಪಲ್ಲೆಗೂ ಇಳಿದಿತ್ತು. ಕಿರಿಯ ಸೊಸೆ ನಾನು, ಕಾನ್ವೆಂಟಿನವಳು. ನನ್ನನ್ನು ಕಡೆಯವರೆಗೂ ‘ಮೇಡಮ್ಮ’ ಅಂದಳು. ಅದರಲ್ಲಿ ರಿಸ್ಪೆಕ್ಟು ಸ್ವಲ್ಪ, ಚೇಷ್ಟೆ ಜಾಸ್ತಿ.

ಹಾಸ್ಟೆಲಿನಲ್ಲಿ ಕಲಿತ ಕೋಕೋ ಅವಳಿಗೂ ಹತ್ತಿಸಿದ್ದೆ. ತನ್ನ ಮಗನ ಆಪರೇಷನ್ ಸುಸೂತ್ರವಾದಾಗ, ಜೀವ ಇರುವತನಕ ಗುರುವಾರ ಉಪವಾಸ, ಅಕ್ಕಲಕೋಟಕ್ಕೆ ಹೋಗಿ ಸ್ವಾಮಿಗಳ ದರ್ಶನ ಎಂದು ಹರಕೆ ಹೊತ್ತಳು. ವಾರವಾರ ಎಸ್‌ಟಿ ಬಸ್ಸಿನಲ್ಲಿ ನನ್ನ ಪಕ್ಕ ಅವಳು, ಅವಳ ಮಡಿಲಲ್ಲಿ ಕೋಕೋ ತುಂಬಿದ ಥರ್ಮಾಸು. ಒಂದು ಗುರುವಾರ ಭಜನಿ ಮಂಡಳದ ಯಜಮಾನಿ ಶಾಂತಾಬಾಯಿ ಹಿಂದಿನ ಸೀಟಿನಿಂದ ಮೂಗು ಚಾಚಿದರು.

“ಉಪವಾಸಕ್ಕ ಚಾಲತ ನಾಹಿ, ನಡಿಯಂಗಿಲ್ಲ, ಗಂಗಕ್ಕ. ಪರದೇಶಿ ಪುಡಿ.”

ಗಂಗಕ್ಕ ಥರ್ಮಾಸಿನ ಮುಚ್ಚಳ ಬಿಗಿದಳು. ಮುಖದ ಬಣ್ಣವೇ ಇಳಿದಿತ್ತು. ಮನೆಗೆ ಬಂದವಳೇ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದಳು. “ಇಷ್ಟ ದಿನದ ಹರಕಿ ಮುರದೈತೇನ? ಹುಡುಗಗ ಏನರ ಆದ್ರ? ನಿಮ್ಮ ಇಂಗ್ಲಿಷ್ ಪುಸ್ತಕದಾಗ ಇದರ ಬೆಡಗ ನೋಡು.”

ಡಿಕ್ಷನರಿ ತೆಗೆದೆ, ಸಾಲದೆ ಮೊಬೈಲನ್ನೂ ತಡಕಾಡಿದೆ. ಮೆಕ್ಸಿಕೋ ಕಡೆಯ ಹಳೆಯ ಜನರ ‘ಕಕಾವ’ ಎಂಬ ಮಾತು ಸ್ಪೇನಿನವರ ಬಾಯಲ್ಲಿ ‘ಕಕಾವೋ’ ಆಯಿತಂತೆ. ಇಂಗ್ಲಿಷರು ಅದನ್ನು ತೆಂಗಿನಕಾಯಿಯ ‘ಕೋಕೋ’ ಜೊತೆ ಕಲಸಿ ಈ ಹೆಸರು ಮಾಡಿದರಂತೆ. ಹೌ ಕೇರ್‌ಲೆಸ್, ಅಂದೆ. ಆಮೇಲೆ ಇನ್ನೊಂದು ಸಿಕ್ಕಿತು: ಆ ಜನ ಶೇಂಗಾಕ್ಕೆ ‘ನೆಲದ ಕಕಾವ’ ಎನ್ನುತ್ತಿದ್ದರು. ವರನ ಮನೆತನ ವಿಚಾರಿಸುವ ಮುಖ ಮಾಡಿಕೊಂಡು ಕೇಳುತ್ತಿದ್ದ ಗಂಗಕ್ಕ ಅಲ್ಲಿಗೆ ಎದ್ದು ನಿಂತಳು.

ಮುಂದಿನ ಗುರುವಾರ ಬಸ್ಸು ಎಂಐಡಿಸಿಯ ಕಾರ್ಖಾನೆಗಳನ್ನು ದಾಟಿತ್ತೋ ಇಲ್ಲವೋ, ಥರ್ಮಾಸು ತೆರೆಯಿತು. ಶಾಂತಾಬಾಯಿಯ ಕೈಯಲ್ಲಿ ಹುರಿದ ಶೇಂಗಾ, ಉಪವಾಸಕ್ಕೆ ನಡೆಯುತ್ತದಲ್ಲ.

“ಬಾಯಾರ, ನಿಮ್ಮ ಕೈಯಾಗಿನಾಕಿ ಇದರ ತಂಗಿ,” ಅಂದಳು ಗಂಗಕ್ಕ. “ತೆಂಗಿನಕಾಯಿ ಮನ್ಯಾಗ ಇದು ದತ್ತಕ. ತಂಗೀನ ಒಳಗ ಕರದು ಅಕ್ಕನ್ನ ಬಾಗಲದಾಗ ನಿಂದ್ರಸ್ತೀರೇನ್ರಿ?”

ಕಂಡಕ್ಟರ್ ಕೂಡ ಟಿಕೆಟ್ ಕೊಡುವುದು ಬಿಟ್ಟು ತೀರ್ಪಿಗೆ ಕಾದ. ಶಾಂತಾಬಾಯಿ ಬಹಳ ಹೊತ್ತು ಶೇಂಗಾ ಅಗಿದರು. ಕೊನೆಗೆ, ಅರ್ಧ ಕಪ್ಪು ನನಗೂ ಹಾಕು, ನೋಡೋಣ, ಅಂದರು. ಗಂಗಕ್ಕ ಅವರಿಗೆ ತುಂಬಿ ಕೊಟ್ಟಳು. ಕುಡಿದ ಮೇಲೆ ಹಿಂದೆ ಸರಿಯಲು ದಾರಿ ಇರಬಾರದಲ್ಲ.

ಹೋದ ಚಳಿಗಾಲದಲ್ಲಿ ಅವಳು ಹಾಸಿಗೆ ಹಿಡಿದಳು. ಮಗ ಕಾಲು ಒತ್ತುತ್ತ ಕೂತಿದ್ದ, ಗುಂಡುಗಲ್ಲಿನ ಹಾಗೆ ಗಟ್ಟಿಯಾಗಿ. ನಾನು ಚಮಚದಿಂದ ಕೋಕೋ ಹನಿಸಿದೆ. ಕಣ್ಣು ಮುಚ್ಚಿಕೊಂಡೇ ಕೇಳಿದಳು, “ಮೇಡಮ್ಮ, ಅಲ್ಲೆ ಮ್ಯಾಲ ಬಾಗಲದಾಗ ಬೆಡಗ ಕೇಳಿದ್ರ ಏನ್ ಹೇಳ್ಲಿ?”

ಅವಳ ತುಟಿಯಂಚಿನ ಹನಿಯನ್ನು ಸೆರಗಿನಿಂದ ಒರೆಸಿದೆ.

“ಶೇಂಗಾದವ್ರ ಪೈಕಿ ಅಂತೀನಿ,” ಅಂದಳು. “ಅವ್ರನ್ನ ಯಾರೂ ತಡಿಯಂಗಿಲ್ಲ.”

ಈಗ ಗುರುವಾರದ ಬಸ್ಸಿನಲ್ಲಿ ಥರ್ಮಾಸು ನನ್ನ ಮಡಿಲಲ್ಲಿ. ಶಾಂತಾಬಾಯಿ ಹಿಂದಿನ ಸೀಟಿನಿಂದ ಕಪ್ಪು ಚಾಚುತ್ತಾರೆ. ಬೆಡಗು ಕೇಳುವುದಿಲ್ಲ.