ಆಟ ನಿಂತುಹೋಗುವ ಕಂಪ್ಯೂಟರೂ ಅದನ್ನು ಬಲ್ಲವರೂ

ನನಗೆ ನಲವತ್ತೊಂದು ವರ್ಷ. ಹೊಳೆನರಸೀಪುರದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಮದುವೆಯಾಗಿಲ್ಲ. ಕಂಪ್ಯೂಟರಿನಲ್ಲಿ ಆಟ ಆಡುತ್ತೇನೆ. ಇವುಗಳಲ್ಲಿ ಮೊದಲಿನದೆಲ್ಲವನ್ನೂ ನಮ್ಮ ಕಡೆಯ ಜನ ಹೇಗೋ ಸಹಿಸಿಕೊಳ್ಳುತ್ತಾರೆ. ಕೊನೆಯದನ್ನು ಕೇಳಿದ ಕೂಡಲೇ ಅವರ ತುಟಿಯ ಮೇಲೆ ಒಂದು ಸಣ್ಣ ನಗೆ ಬರುತ್ತದೆ. ಮೂರು ಹೊತ್ತು ಧಾರಾವಾಹಿ ನೋಡುವವರು, ದಿನವಿಡೀ ಮೊಬೈಲಿನಲ್ಲಿ ಯಾರೋ ಕುಣಿಯುವುದನ್ನು ಬೆರಳಿಂದ ತಳ್ಳುತ್ತಾ ಕೂರುವವರು ಕೂಡ ನನ್ನನ್ನು ನೋಡಿ ಆ ನಗೆ ನಗುತ್ತಾರೆ. ಅಭ್ಯಾಸವಾಗಿಹೋಗಿದೆ.

ಹಿಂದಿನ ವರ್ಷ ಬೇಸಿಗೆ ರಜೆಯಲ್ಲಿ ಹಳೆಯ ಲ್ಯಾಪ್‌ಟಾಪನ್ನು ಬಿಟ್ಟು ಹೊಸ ಕಂಪ್ಯೂಟರನ್ನು ನಾನೇ ಬಿಡಿಭಾಗ ತಂದು ಜೋಡಿಸಬೇಕೆಂದು ತೀರ್ಮಾನಿಸಿದೆ. ಯಾವ ಮದರ್‌ಬೋರ್ಡು, ಯಾವ ಗ್ರಾಫಿಕ್ಸ್ ಕಾರ್ಡು, ಎಷ್ಟು ರ‍್ಯಾಮ್ ಎಂದು ಒಂದು ತಿಂಗಳು ಓದಿ ಪಟ್ಟಿ ಮಾಡಿಕೊಂಡು ಹಾಸನದ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಅಂಗಡಿಗೆ ಹೋದೆ. ಅಂಗಡಿಯವರು ಪಟ್ಟಿ ನೋಡಿ ಮಗನಿಗಾ ಎಂದು ಕೇಳಿದರು. ನನಗೇ ಎಂದೆ. ಹಾಗಾದರೆ ಆಫೀಸ್ ಕೆಲಸಕ್ಕಾ ಎಂದರು. ಆಟ ಆಡೋದಕ್ಕೆ ಎಂದೆ. ಅವರು ಗೋಡೆಯ ಕ್ಯಾಲೆಂಡರ್ ನೋಡಿ, ಜೋಡಿಸಿ ಕೊಡುತ್ತೇವೆ ಬಿಡಿ ಎಂದರು. ಬೇಡ, ನಾನೇ ಜೋಡಿಸುತ್ತೇನೆ ಎಂದಾಗ, ಚಿಕ್ಕ ಮಗುವಿನ ಕೈಗೆ ಗಾಜಿನ ಲೋಟ ಕೊಡುವವರ ಹಾಗೆ ಒಂದೊಂದೇ ಡಬ್ಬವನ್ನು ನನ್ನ ಮುಂದೆ ತಳ್ಳಿದರು.

ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿಕೊಂಡು, ಮೈಯಲ್ಲಿ ಸ್ಥಾಯಿ ವಿದ್ಯುತ್ ಇದ್ದರೆ ಹೋಗಲೆಂದು ಆಗಾಗ ಕಿಟಕಿಯ ಕಂಬಿ ಮುಟ್ಟಿ ಮುಟ್ಟಿ, ಒಂದೂವರೆ ದಿನದಲ್ಲಿ ಜೋಡಿಸಿದೆ. ಸ್ವಿಚ್ ಒತ್ತಿದ ಮೊದಲ ಸಲಕ್ಕೇ ಫ್ಯಾನು ತಿರುಗಿ ಪರದೆಯ ಮೇಲೆ ಬೆಳಕು ಬಂತು. ಹದಿನೈದು ವರ್ಷದ ನೌಕರಿಯಲ್ಲಿ ನನ್ನ ಕೈಯಾರೆ ಮಾಡಿದ ಯಾವುದನ್ನು ನೋಡಿಯೂ ನಾನು ಅಷ್ಟು ಹಿಗ್ಗಿರಲಿಲ್ಲ.

ಆ ಹಿಗ್ಗು ಆವತ್ತಿನ ಸಂಜೆಯವರೆಗೆ ಮಾತ್ರ. ಹಿಮ ಬಿದ್ದ ಬೆಟ್ಟಗಳ ನಡುವೆ ಕುದುರೆಯ ಮೇಲೆ ಅಲೆಯುವ ಆಟ ನನ್ನದು. ಇಪ್ಪತ್ತೈದು ನಿಮಿಷ ಆಡಿರಬಹುದು, ಕುದುರೆ ಒಂದು ತೊರೆ ದಾಟುತ್ತಿತ್ತು. ತಟ್ಟನೆ ತೊರೆಯೂ ಇಲ್ಲ, ಕುದುರೆಯೂ ಇಲ್ಲ. ಖಾಲಿ ಡೆಸ್ಕ್‌ಟಾಪು, ಅದರ ಮೇಲೆ ಕಸದ ಬುಟ್ಟಿಯ ಚಿತ್ರ. ತಪ್ಪಾಯಿತು ಎಂಬ ಒಂದು ಸಂದೇಶವೂ ಇಲ್ಲ. ಮತ್ತೆ ಶುರು ಮಾಡಿದೆ. ಈ ಸಲ ಒಂದು ಗಂಟೆ ನಡೆಯಿತು. ಮರುದಿನ ಎಂಟೇ ನಿಮಿಷ. ಅದರ ಮರುದಿನ ಮೂರು ಗಂಟೆ ಏನೂ ಆಗಲಿಲ್ಲ, ಸರಿಹೋಯಿತೆಂದು ಕಾಫಿ ಮಾಡಿಕೊಂಡು ಬಂದು ಕೂತ ಕೂಡಲೇ ಪರದೆಯೆಲ್ಲ ನೀಲಿಯಾಗಿ ಕಂಪ್ಯೂಟರೇ ಮತ್ತೆ ಹೊಸದಾಗಿ ಶುರುವಾಯಿತು. ಬೇರೆ ಆಟ ಹಾಕಿದರೂ ಅದೇ ಕತೆ.

ಮೊದಲು ನನ್ನ ಮೇಲೇ ಅನುಮಾನ ಬಂತು. ಎಲ್ಲವನ್ನೂ ಬಿಚ್ಚಿ ಮತ್ತೆ ಜೋಡಿಸಿದೆ. ಆಟವನ್ನು ತೆಗೆದು ಮತ್ತೆ ಹಾಕಿದೆ. ಇಂಟರ್‌ನೆಟ್ಟಿನಲ್ಲಿ ಕೇಳಿದೆ. ಅಲ್ಲಿ ಉತ್ತರ ಕೊಟ್ಟವರಲ್ಲಿ ಅರ್ಧ ಜನ ನನ್ನ ಪ್ರಶ್ನೆ ಓದಿರಲಿಲ್ಲ. ಓದಿದವರು, ನನಗೂ ಹೀಗೇ ಆಗುತ್ತಿದೆ, ಉತ್ತರ ಸಿಕ್ಕರೆ ತಿಳಿಸಿ ಎಂದು ಬರೆದಿದ್ದರು.

ಅಂಗಡಿಗೆ ಫೋನು ಮಾಡಿದೆ. ಅಂಗಡಿಯವರು ನಾನು ಹೇಳುವುದನ್ನು ಪೂರ್ತಿ ಕೇಳಲೇ ಇಲ್ಲ.

"ಮೇಡಂ, ಮೆಷಿನ್‌ಗೆ ಏನೂ ಆಗಿರಲ್ಲ. ನಿಮ್ಮೂರ್ ಕರೆಂಟೇ ಸರಿ ಇಲ್ಲ" ಎಂದರು.

ನಮ್ಮೂರಿಗೂ ಹಾಸನಕ್ಕೂ ಕರೆಂಟು ಬೇರೆ ಬೇರೆ ಲೋಕದಿಂದ ಬರುತ್ತದೆಂಬಂತೆ ಅವರು ಮಾತಾಡುತ್ತಿದ್ದರು. ಆದರೂ ಅದನ್ನು ಪರೀಕ್ಷಿಸದೆ ತಳ್ಳಿಹಾಕುವುದು ನನ್ನ ವಿಷಯಕ್ಕೆ ಅವಮಾನ. ಕಾಲೇಜಿನ ಲ್ಯಾಬಿನಿಂದ ವೋಲ್ಟ್ ಮೀಟರು ತಂದು, ಮೂರು ದಿನ ಸಂಜೆ ಐದರಿಂದ ಎಂಟರವರೆಗೆ ಕಾಲುಗಂಟೆಗೊಮ್ಮೆ ಅಳೆದು ಬರೆದಿಟ್ಟೆ. ಎಲ್ಲ ಸರಿಯಾಗಿತ್ತು. ಆಟ ನಿಂತ ಗಳಿಗೆಯಲ್ಲೂ ಸರಿಯಾಗಿತ್ತು. ಆ ಅಂಕಿಗಳನ್ನು ಫೋನಿನಲ್ಲಿ ಓದಿ ಹೇಳಿದೆ. ಅವರು ಒಂದು ಕ್ಷಣವೂ ಯೋಚಿಸದೆ, ಮೀಟರು ಸರಿಯಿದೆಯೋ ಇಲ್ಲವೋ ಮೊದಲು ನೋಡಿಸಿ ಎಂದರು. ತನಗೆ ಗೊತ್ತಿಲ್ಲ ಎಂದು ಹೇಳುವುದಕ್ಕಿಂತ ಜಗತ್ತಿನ ಮೀಟರುಗಳೆಲ್ಲ ಕೆಟ್ಟಿವೆ ಎಂದು ಹೇಳುವುದು ಆ ಮನುಷ್ಯನಿಗೆ ಸುಲಭವಾಗಿತ್ತು.

ಆ ಭಾನುವಾರ ಚನ್ನರಾಯಪಟ್ಟಣದಿಂದ ಅಕ್ಕ, ಭಾವ ಬಂದರು. ಭಾವ ಬಿತ್ತನೆ ಬೀಜ, ಗೊಬ್ಬರದ ವ್ಯಾಪಾರಿ. ಅವರಿಗೆ ತಿಳಿಯದ ವಿಷಯವೇ ಇಲ್ಲ. ಒಬ್ಬಳೇ ಇರುವ ನಾದಿನಿಯ ಮನೆಯಲ್ಲಂತೂ ನಲ್ಲಿಯಿಂದ ಹಿಡಿದು ನನ್ನ ವರ್ಗಾವಣೆಯವರೆಗೆ ಎಲ್ಲದರ ಬಗ್ಗೆಯೂ ತೀರ್ಪು ಕೊಡುವ ಹಕ್ಕು ತಮ್ಮದೆಂದು ಅವರು ಬಲವಾಗಿ ನಂಬಿದ್ದಾರೆ. ಕಂಪ್ಯೂಟರಿನ ಸುತ್ತ ಒಂದು ಸುತ್ತು ಬಂದು, ಹೋರಿಯ ಬೆನ್ನು ತಟ್ಟುವ ಹಾಗೆ ಅದನ್ನು ತಟ್ಟಿದರು.

"ನೋಡಮ್ಮ, ಇಂಥವನ್ನೆಲ್ಲ ಇಡೀದಾಗಿ ತಗಬೇಕು. ಬಿಡಿಬಿಡಿಯಾಗಿ ತಂದು ಜೋಡ್ಸಕ್ಕೆ ಇದೇನು ಸೈಕಲ್ಲಾ? ಎಂಗುಸ್ರು ಕೈ ಇಟ್ರೆ ಇಂಗೇಯ" ಎಂದರು.

ತಮ್ಮೂರಿನಲ್ಲಿ ಪರಿಚಯದ ಒಬ್ಬ ರಿಪೇರಿಯವನಿದ್ದಾನೆ, ಒಂದು ವಾರದಲ್ಲಿ ಸರಿ ಮಾಡಿಸಿ ತರುತ್ತೇನೆ ಎಂದು ಕಾರಿನ ಹಿಂದಿನ ಸೀಟಿಗೆ ಹೊತ್ತುಕೊಂಡೇ ಹೋದರು. ನಾನು ಬೇಡವೆನ್ನಲು ಬಾಯಿ ತೆರೆದಿದ್ದೆ. ಅಕ್ಕ ನನ್ನನ್ನು ಒಂದು ಥರ ನೋಡಿದಳು, ಸುಮ್ಮನಾದೆ. ಆ ಸುಮ್ಮನಿರುವಿಕೆಗಾಗಿ ನನ್ನ ಮೇಲೆ ನನಗೆ ಇವತ್ತಿಗೂ ಅಸಹ್ಯವಿದೆ. ತರಗತಿಯಲ್ಲಿ ಎಂಬತ್ತು ಮಕ್ಕಳನ್ನು ಹದ್ದುಬಸ್ತಿನಲ್ಲಿಡುವವಳು ಗೊಬ್ಬರದಂಗಡಿಯ ಮಾಲೀಕನೆದುರು ನನ್ನ ವಸ್ತು ನನ್ನದು ಎಂದು ಹೇಳಲಾರದೆ ಹೋದೆ.

ವಾರ ಕಳೆದು ಕಂಪ್ಯೂಟರ್ ವಾಪಸು ಬಂತು. ಆ ರಿಪೇರಿಯವನು ಅದಕ್ಕೆ ಏನಾಗುತ್ತದೆಂದು ಭಾವನನ್ನಾಗಲೀ ನನ್ನನ್ನಾಗಲೀ ಕೇಳಿರಲಿಲ್ಲ. ಫಾರ್ಮ್ಯಾಟ್ ಮಾಡಿದ್ದ. ಎಂದರೆ ಒಳಗಿದ್ದುದನ್ನೆಲ್ಲ ಒರೆಸಿ ಹಾಕಿ ಹೊಸದಾಗಿ ವಿಂಡೋಸ್ ತುಂಬಿದ್ದ. ಜ್ವರ ಬರಲಿ, ಹೊಟ್ಟೆನೋವು ಬರಲಿ, ಕಾಲೇ ಮುರಿದಿರಲಿ, ಬಂದವರಿಗೆಲ್ಲ ಒಂದೊಂದು ಬಾಟಲಿ ಗ್ಲೂಕೋಸ್ ಏರಿಸಿ ಕಳಿಸುವ ಡಾಕ್ಟರುಗಳಿಲ್ಲವೇ, ಈತ ಅದೇ ಜಾತಿ. ಅರವತ್ತು ಗಂಟೆ ಆಡಿ ಆಟದಲ್ಲಿ ನಾನು ಮುಂದೆ ಸಾಗಿದ್ದ ದಾಖಲೆಯೆಲ್ಲ ಹೋಯಿತು. ದ್ವಿತೀಯ ಪಿಯುಸಿ ಮಕ್ಕಳಿಗೆಂದು ಸಿದ್ಧಪಡಿಸಿದ್ದ ಪ್ರಶ್ನೆಪತ್ರಿಕೆಗಳೂ ಹೋದವು. ಅವುಗಳ ಬದಲಿಗೆ ಡೆಸ್ಕ್‌ಟಾಪಿನ ಮೇಲೆ ಒಂದು ಕೆಂಪು ಕಾರಿನ ಚಿತ್ರ ಬಂದಿತ್ತು.

ಸರಿಯಾಯಿತೆಂದು ಹೇಗೆ ಗೊತ್ತಾಯಿತು ಎಂದು ಕೇಳಿದೆ. ಭಾವ ಉತ್ತರವಾಗಿ ಒಂದು ಸಿನಿಮಾ ಹಾಡು ಹಾಕಿದರು. ಹಾಡು ಕೊನೆಯವರೆಗೆ ಓಡಿತು. ಅವರು ನನ್ನ ಮುಖ ನೋಡಿದರು. ಹಾಡಿನಲ್ಲಿ ಯಾವತ್ತೂ ತೊಂದರೆ ಇರಲಿಲ್ಲ ಭಾವ ಎಂದೆ. ಆಟ ಗೀಟ ಎಲ್ಲ ಬಿಟ್ಟರೆ ಅದೂ ಸರಿಹೋಗುತ್ತದೆ ಎಂದು ಹೇಳಿ ಊಟಕ್ಕೆ ಕೂತರು. ಮರುದಿನ ಸಂಜೆ ಆಟವನ್ನು ಮತ್ತೆ ತುಂಬಿಸಿ ಆಡತೊಡಗಿದೆ. ಹದಿನೇಳನೇ ನಿಮಿಷಕ್ಕೆ ಕೆಂಪು ಕಾರು ಕಾಣಿಸಿತು.

ಆವತ್ತು ನನಗೆ ಬಂದ ಸಿಟ್ಟು ಯಂತ್ರದ ಮೇಲಲ್ಲ. ಯಂತ್ರ ಪಾಪ, ಒಂದು ಸುಳ್ಳನ್ನೂ ಹೇಳಿರಲಿಲ್ಲ. ಕೆಟ್ಟಿದೆ, ಕೆಟ್ಟಿದೆ ಎಂದು ದಿನವೂ ಹೇಳುತ್ತಿತ್ತು. ನೋಡದೆಯೇ ಹೇಳುವ ಈ ಗಂಡಸರ ಮೇಲೆ ಬಂತು. ಅವರನ್ನು ಕೇಳಿಕೊಂಡು ಕೂತ ನನ್ನ ಮೇಲೂ ಬಂತು. ಪ್ರಯೋಗದ ತರಗತಿಯಲ್ಲಿ ಮಕ್ಕಳಿಗೆ ವರ್ಷವಿಡೀ ಹೇಳುತ್ತೇನೆ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಉಳಿದದ್ದನ್ನು ಹಾಗೇ ಇಡಿ, ಏನಾಯಿತೆಂದು ಬರೆಯಿರಿ ಎಂದು. ಮನೆಗೆ ಬಂದು ನಾನು ಒಂದೇ ಸಂಜೆ ಐದು ಬದಲಾವಣೆ ಮಾಡಿ ಯಾವುದರಿಂದ ಏನಾಯಿತೆಂದು ತಿಳಿಯದೆ ತಲೆ ಕೆರೆದುಕೊಳ್ಳುತ್ತಿದ್ದೆ.

ಪ್ರಯೋಗದ ಪುಸ್ತಕದಂಥದೇ ಒಂದು ಪುಸ್ತಕ ತೆಗೆದೆ. ಮೊದಲ ಮೂರು ಸಂಜೆ ಬಿಸಿ ಅಳೆದೆ. ಆಟ ನಿಲ್ಲುವಾಗ ಯಾವ ಭಾಗವೂ ಅಷ್ಟೇನೂ ಕಾದಿರಲಿಲ್ಲ. ಆಮೇಲೆ ದೊಡ್ಡ ಆಟಗಳ ಭಾರಿ ಚಿತ್ರಗಳನ್ನು ಮೂಡಿಸುವ ಗ್ರಾಫಿಕ್ಸ್ ಕಾರ್ಡು ತೆಗೆದಿಟ್ಟು, ಅದಿಲ್ಲದೆಯೂ ಓಡುವ ಒಂದು ಸಣ್ಣ ಆಟ ಆಡಿದೆ. ಅದೂ ನಿಂತಿತು. ಅಲ್ಲಿಗೆ ಕಾರ್ಡಿನ ತಪ್ಪಲ್ಲವೆಂದಾಯಿತು, ಅದನ್ನು ವಾಪಸು ಕೂರಿಸಿದೆ. ಆಮೇಲೆ ರ‍್ಯಾಮ್. ಕಂಪ್ಯೂಟರು ಸದ್ಯಕ್ಕೆ ಬೇಕಾದುದನ್ನು ನೆನಪಿಟ್ಟುಕೊಳ್ಳುವುದು ಅದರಲ್ಲೇ. ನನ್ನದರಲ್ಲಿ ಬೆರಳುದ್ದದ ಎರಡು ಪಟ್ಟಿಗಳಿದ್ದವು. ಒಂದನ್ನು ತೆಗೆದಿಟ್ಟು ಒಂದರಲ್ಲೇ ಆಡಿದೆ. ಒಂದು ದಿನ ಕಳೆಯಿತು. ಎರಡು, ಮೂರು. ಆರು ದಿನ ಕುದುರೆ ಎಲ್ಲೂ ಎಡವಲಿಲ್ಲ. ಏಳನೇ ದಿನ ಅದೇ ಜಾಗಕ್ಕೆ ಇನ್ನೊಂದು ಪಟ್ಟಿ ಹಾಕಿದೆ. ಇಪ್ಪತ್ತು ನಿಮಿಷಕ್ಕೆ ಆಟ ಮಾಯವಾಯಿತು. ಮತ್ತೆ ಮೊದಲಿನದನ್ನು ಹಾಕಿದೆ, ಸರಿಯಾಯಿತು.

ಆ ಪುಸ್ತಕವನ್ನು ಮೊದಲಿನಿಂದ ಮತ್ತೊಮ್ಮೆ ಓದಿದೆ. ಸಂತೋಷಕ್ಕಿಂತ ಹೆಚ್ಚಾಗಿ ಮನಸ್ಸು ನಿರಾಳವಾಗಿತ್ತು. ನನ್ನ ಕೈ ತಪ್ಪು ಮಾಡಿರಲಿಲ್ಲ.

ಶನಿವಾರ ಕಾಲೇಜು ಮುಗಿಸಿಕೊಂಡು ಎರಡೂ ಪಟ್ಟಿಗಳನ್ನು, ಒಂದು ಪೆನ್‌ಡ್ರೈವನ್ನು ಬ್ಯಾಗಿನಲ್ಲಿಟ್ಟುಕೊಂಡು ಹಾಸನದ ಬಸ್ಸು ಹತ್ತಿದೆ. ಅಂಗಡಿಯವರು ಕೆಟ್ಟ ಪಟ್ಟಿಯನ್ನು ತಮ್ಮ ಒಂದು ಕಂಪ್ಯೂಟರಿಗೆ ಸಿಕ್ಕಿಸಿದರು. ಪರದೆ ಬೆಳಗಿತು. ನೋಡಿ, ಆನ್ ಆಯಿತಲ್ಲ, ಚೆನ್ನಾಗೇ ಇದೆ ಎಂದು ಬಿಚ್ಚಲು ಹೋದರು. ನಾನು ಪೆನ್‌ಡ್ರೈವ್ ಮುಂದಿಟ್ಟೆ. ರ‍್ಯಾಮನ್ನು ಮೂಲೆ ಮೂಲೆಯೂ ತಡಕಿ ಪರೀಕ್ಷಿಸುವ ಒಂದು ಪ್ರೋಗ್ರಾಮು ಅದರಲ್ಲಿತ್ತು. ತಪ್ಪು ಸಿಕ್ಕರೆ ಪರದೆಯ ಮೇಲೆ ಕೆಂಪು ಸಾಲು ಬರುತ್ತದೆ. ಗಿರಾಕಿಗಳಿದ್ದಾರೆ, ಅದಕ್ಕೆಲ್ಲ ಪುರಸೊತ್ತಿಲ್ಲ ಎಂದರು. ನನಗೆ ಪುರಸೊತ್ತಿದೆ ಎಂದು ಸ್ಟೂಲ್ ಎಳೆದು ಕೂತೆ.

ಹನ್ನೊಂದು ನಿಮಿಷಕ್ಕೆ ಮೊದಲ ಕೆಂಪು ಸಾಲು ಬಂತು. ಆಮೇಲೆ ಸಾಲುಗಳು ಒಂದರ ಕೆಳಗೊಂದು ಇಳಿಯತೊಡಗಿದವು. ಪ್ರಿಂಟರಿನ ಇಂಕು ಕೊಳ್ಳಲು ಬಂದಿದ್ದ ಇಬ್ಬರು ಕೊಳ್ಳುವುದನ್ನು ಬಿಟ್ಟು ನೋಡುತ್ತಾ ನಿಂತರು.

"ಅದು ಸಾಫ್ಟ್‌ವೇರು ಮೇಡಂ. ಅಂಗೇ ಏನೇನೋ ತೋರಿಸ್ತದೆ" ಎಂದರು ಅಂಗಡಿಯವರು.

"ಸರಿ, ಇನ್ನೊಂದು ಪಟ್ಟಿ ಹಾಕಿ. ಅದಕ್ಕೂ ತೋರಿಸುತ್ತಾ ನೋಡೋಣ" ಎಂದೆ.

ಹಾಕಿದರು. ಎರಡು ಗಂಟೆ ಕೂತೆ. ಅವರು ಕೌಂಟರಿನ ಹಿಂದೆ ಡಬ್ಬಿ ಬಿಚ್ಚಿ ಊಟ ಮಾಡಿದರು, ನನಗೆ ಒಂದು ಲೋಟ ನೀರನ್ನೂ ಕೊಡಲಿಲ್ಲ. ಒಂದೂ ಕೆಂಪು ಸಾಲು ಬರಲಿಲ್ಲ. ಆಮೇಲೆ ಅವರು ಒಳಗೆ ಹೋಗಿ ಹೊಸ ಪಟ್ಟಿ ತಂದು ಕೊಟ್ಟರು. ಅದನ್ನೂ ಅಲ್ಲೇ ಪರೀಕ್ಷಿಸಿಕೊಂಡೇ ಎದ್ದೆ. ನಾನು ಮೆಟ್ಟಿಲಿಳಿಯುವಾಗ ಆ ಇಂಕಿನವರಿಗೆ ಅವರು ಹೇಳುತ್ತಿದ್ದುದು ಕೇಳಿಸಿತು. "ರ‍್ಯಾಮೇ ಇರ್ಬೇಕು ಅಂತ ನಾನು ಫೋನಲ್ಲೇ ಏಳಿದ್ದೆ."

ತಿರುಗಿ ಹೋಗಿ ಜಗಳವಾಡಬಹುದಿತ್ತು. ಬಸ್ಸು ಹೊರಡುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಆ ಮನುಷ್ಯ ನನ್ನ ಜಗಳಕ್ಕೂ ಯೋಗ್ಯನೆನಿಸಲಿಲ್ಲ. ಭಾವನಂತೂ ಕಂಪ್ಯೂಟರ್ ಸರಿಯಿದೆಯೆಂದು ಅಕ್ಕನಿಂದ ತಿಳಿದು, ಫಾರ್ಮ್ಯಾಟ್ ಮಾಡಿಸಿದ್ದರ ಫಲ ಸ್ವಲ್ಪ ತಡವಾಗಿ ಸಿಕ್ಕಿತು ಎಂದರಂತೆ.

ಇಲ್ಲಿಗೆ ನಿಲ್ಲಿಸಿದರೆ ನಾನು ಬಹಳ ದೊಡ್ಡವಳಾಗಿ ಕಾಣುತ್ತೇನೆ. ಹಾಗಾಗಿ ಇನ್ನೊಂದನ್ನೂ ಹೇಳಬೇಕು.

ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಜೊತೆ ಕೆಲಸ ಮಾಡುವ, ನನಗಿಂತ ಕಿರಿಯಳಾದ ವಾಣಿಜ್ಯಶಾಸ್ತ್ರದ ಉಪನ್ಯಾಸಕಿ ಸ್ಟಾಫ್ ರೂಮಿನಲ್ಲಿ ಒಂದು ವಿಷಯ ಕೇಳಿದಳು. ಅವಳ ಗಂಡ ಕೊಣನೂರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದಾನೆ. ಮದುವೆ ಆಲ್ಬಮ್ ಮಾಡುವಾಗ ಅವನ ಕಂಪ್ಯೂಟರ್ ಇದ್ದಕ್ಕಿದ್ದ ಹಾಗೆ ಆಫ್ ಆಗುತ್ತದಂತೆ. ಅವಳು ವಾಕ್ಯ ಮುಗಿಸುವ ಮೊದಲೇ, ಅದು ರ‍್ಯಾಮ್, ಒಂದೊಂದೇ ಪಟ್ಟಿ ತೆಗೆದು ನೋಡಲು ಹೇಳು ಎಂದೆ. ಎಷ್ಟು ಹೊತ್ತಿಗೆ ಆಫ್ ಆಗುತ್ತದೆಂದು ಕೇಳಲಿಲ್ಲ. ಮುಟ್ಟಿದರೆ ಬಿಸಿಯಿದೆಯಾ ಎಂದು ಕೇಳಲಿಲ್ಲ. ಕಣ್ಣೆತ್ತಿ ಅವಳ ಮುಖವನ್ನೂ ನೋಡಿರಲಿಲ್ಲ, ಉತ್ತರಪತ್ರಿಕೆ ತಿದ್ದುತ್ತಿದ್ದೆ.

ಆ ಪಾಪದವನು ನಾಲ್ಕು ದಿನ ಆಲ್ಬಮ್ ಕೆಲಸ ನಿಲ್ಲಿಸಿ ಪಟ್ಟಿ ತೆಗೆದು ಹಾಕಿ ಮಾಡಿದನಂತೆ. ಐದನೇ ದಿನ ಅವಳು ಬಂದು ಬಹಳ ಸಂಕೋಚದಿಂದ ಹೇಳಿದಳು. "ನೀವ್ ಏಳಿದ್ದೂ ಸರಿ ಇರ್ಬೋದು ಮೇಡಂ. ಆದ್ರೆ ಫ್ಯಾನಿಗೆ ಧೂಳು ಕೂತು ತಿರುಗ್ತಾನೇ ಇರ್ಲಿಲ್ಲ. ಒರೆಸಿದ್ಮೇಲೆ ಸರಿಹೋಯ್ತು."

ಹೌದಾ ಎಂದೆ. ಅಷ್ಟೇ. ಆಗಲೇ ಹೇಳಬೇಕಾಗಿದ್ದ ಮಾತನ್ನು ಹೇಳಲು ನನಗೆ ಎರಡು ದಿನ ಬೇಕಾಯಿತು. ಆ ಎರಡು ದಿನವೂ ಅವಳು ಎದುರಾದಾಗಲೆಲ್ಲ ರಿಜಿಸ್ಟರಿನಲ್ಲಿ ಏನನ್ನೋ ಹುಡುಕುವವಳಂತೆ ತಲೆ ತಗ್ಗಿಸಿದೆ. ಹಾಸನದ ಆ ಮನುಷ್ಯನನ್ನು ನಾನು ತಿಂಗಳುಗಟ್ಟಲೆ ಎಷ್ಟು ಕೀಳಾಗಿ ಕಂಡಿದ್ದೆನೋ, ನನ್ನನ್ನೂ ಅಷ್ಟೇ ಕೀಳಾಗಿ ಕಂಡುಕೊಂಡೆ. ಅವನಿಗಾದರೂ ವ್ಯಾಪಾರವಿತ್ತು. ನನಗೆ ಬೇಕಾಗಿದ್ದುದು ಬರೀ ತಿಳಿದವಳೆನಿಸಿಕೊಳ್ಳುವುದು.

ಮೂರನೇ ದಿನ ಅವಳ ಮೇಜಿನ ಹತ್ತಿರ ಹೋಗಿ, ನಾನು ಏನೂ ಕೇಳದೆ, ನೋಡದೆ ಹೇಳಿಬಿಟ್ಟೆ, ನಿನ್ನ ಗಂಡನ ನಾಲ್ಕು ದಿನ ಹಾಳಾಯಿತು, ತಪ್ಪು ನನ್ನದು ಎಂದೆ. ಹಿರಿಯರು ಯಾರೂ ಅವಳಿಗೆ ಹಾಗೆ ಹೇಳಿರಲಿಲ್ಲವೇನೋ. ಅವಳು ಪೆನ್ನಿನ ಮುಚ್ಚಳ ತಿರುಗಿಸುತ್ತಾ, ನೀವು ಆಡುವ ಆಟ ಯಾವುದು ಮೇಡಂ, ಕಷ್ಟವಾ ಎಂದು ಕೇಳಿದಳು. ಅವಳ ತುಟಿಯ ಮೇಲೆ ಆ ಸಣ್ಣ ನಗೆ ಇರಲಿಲ್ಲ. ಬೆಲ್ ಹೊಡೆಯುವವರೆಗೂ ಹೇಳಿದೆ.